ಮುಂಬಯಿಯಲ್ಲಿ ನಾನು ಹೊದಿಸಿದ ಶಾಲು

ಮುಂಬಯಿ ಪರದೇಶವಲ್ಲ ಎಂದು ನನಗೂ ಗೊತ್ತು. ಆದರೆ ಮೈಸೂರು ರೈಲ್ವೆ ಸ್ಟೇಷನ್ನಿನಲ್ಲಿ ನನ್ನನ್ನು ಬೀಳ್ಕೊಡಲು ಬಂದವರನ್ನು ನೋಡಿದ್ದರೆ ನೀವು ಹಾಗೆನ್ನುತ್ತಿರಲಿಲ್ಲ. ತಂಗಿ ಡಬ್ಬದ ತುಂಬ ಚಟ್ನಿಪುಡಿ ತಂದಿದ್ದಳು, ಮುಂಬಯಿಯಲ್ಲಿ ಯಾರೂ ಊಟವನ್ನೇ ಮಾಡುವುದಿಲ್ಲ ಎಂಬಂತೆ. ಅವಳ ಗಂಡ ಮೂರು ಮಾತು ಹೇಳಿದರು: ಎಲ್ಲೆಂದರಲ್ಲಿ ನೀರು ಕುಡಿಯಬೇಡಿ, ಚಿನ್ನದ ಸರ ಹಾಕಿಕೊಳ್ಳಬೇಡಿ, ಗುರುತಿಲ್ಲದವರ ಹತ್ತಿರ ಹೆಚ್ಚು ಮಾತಾಡಬೇಡಿ. ಮೊದಲೆರಡನ್ನು ಪಾಲಿಸಿದೆ. ಮೂರನೆಯದು ಹುಟ್ಟಿದಾಗಿನಿಂದ ನನ್ನ ಕೈಲಾಗಿಲ್ಲ.

ನಾನು ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಕುಡಿತ, ಗಾಂಜಾ, ಗುಳಿಗೆ ಇತ್ಯಾದಿ ಚಟಗಳಿಂದ ಹೊರಬರುತ್ತಿರುವ ವಿದ್ಯಾರ್ಥಿಗಳ ಜೊತೆ ಅವರ ಸಹಪಾಠಿಗಳೇ ಹೇಗೆ ನಿಲ್ಲಬೇಕು ಎಂದು ಕಾಲೇಜುಗಳಿಗೆ ಹೋಗಿ ಕಲಿಸುತ್ತೇನೆ. ಔಷಧ ಕೊಡುವವರು ವೈದ್ಯರು. ಆದರೆ ಔಷಧ ಮುಗಿಸಿ ಬಂದ ಹುಡುಗ ಕ್ಯಾಂಟೀನಿನಲ್ಲಿ ಯಾರ ಪಕ್ಕ ಕೂರಬೇಕು ಎಂಬುದು ವೈದ್ಯರ ಚೀಟಿಯಲ್ಲಿ ಇರುವುದಿಲ್ಲ. ಆ ಪಕ್ಕದ ಕುರ್ಚಿಯವರನ್ನು ತಯಾರು ಮಾಡುವುದು ನನ್ನ ಕೆಲಸ. ಈ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿದೆ, ಅಥವಾ ಇತ್ತು.

ಪ್ರವಾಸ ಹೋಗಿ ಬಂದವರು ಅಲ್ಲಿಯ ಸಮುದ್ರದ ಬಗ್ಗೆ ಬರೆಯಬೇಕು. ನಾನು ಸಮುದ್ರ ನೋಡಿದೆ, ಆದರೆ ಏನು ನೋಡಿದೆನೋ ನೆನಪಿಲ್ಲ. ಆ ಊರಿನಿಂದ ನಾನು ಹೊತ್ತು ತಂದದ್ದು ನಾಚಿಕೆ ಒಂದನ್ನೇ. ಅದು ಹೇಗೆ ಬಂತು ಎಂಬುದನ್ನಷ್ಟೇ ಹೇಳುತ್ತೇನೆ.

ವಡಾಲ

ನನ್ನನ್ನು ಕರೆಸಿದವರು ರೇವತಿ. ವಡಾಲದ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಾರೆ. ಮೂಲ ಉಡುಪಿ ಕಡೆ, ಮನೆ ಸಾಂತಾಕ್ರೂಜ್‌ನಲ್ಲಿ. ಶಿಬಿರ ಮುಗಿಯುವವರೆಗೆ ನಾನು ಅವರ ಮನೆಯಲ್ಲೇ ಉಳಿಯುವುದೆಂದು ಅವರೇ ತೀರ್ಮಾನಿಸಿದ್ದರು. "ಹೋಟೆಲ್‌ನಲ್ಲಿ ಎಂತಕ್ಕೆ ಮಾರಾಯ್ರೆ? ನಮ್ಮ ಬಿಲ್ಡಿಂಗ್‌ನಲ್ಲಿ ಲಿಫ್ಟ್ ಉಂಟು, ನೀರು ಬೆಳಿಗ್ಗೆ ಮಾತ್ರ ಬರ್ತದೆ, ಅಷ್ಟೇ" ಎಂದಿದ್ದರು ಫೋನಿನಲ್ಲಿ.

ನವರಾತ್ರಿ ಮುಗಿದ ವಾರ. ಕಾಲೇಜಿನ ಕಿಟಕಿ ತೆಗೆದರೆ ಬಂದರಿನ ಕಡೆ ಹೋಗುವ ಲಾರಿಗಳ ಸದ್ದು, ಮುಚ್ಚಿದರೆ ಸೆಕೆ. ಸದ್ದೇ ವಾಸಿ ಎಂದು ತೆಗೆದಿಟ್ಟೆವು. ಮೊದಲ ದಿನ ನನ್ನ ಹಿಂದಿ ಕೇಳಿ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದರು. ಶಾಲೆಯಲ್ಲಿದ್ದಾಗ ಪರೀಕ್ಷೆಗೆ ಕಟ್ಟಿ ಕಲಿತ ಹಿಂದಿ ನನ್ನದು. ಕೂತುಕೊಳ್ಳಿ ಎನ್ನಲು "ಕೃಪಯಾ ಆಸನ ಗ್ರಹಣ ಕೀಜಿಯೇ" ಎಂದುಬಿಟ್ಟೆ. ಹಿಂದಿನ ಬೆಂಚಿನಿಂದ ಯಾರೋ ಮಹಾರಾಜರಿಗೆ ಜೈ ಎಂದರು. ಆಮೇಲೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿದ ಅವರ ಭಾಷೆಯನ್ನೇ ನಾನೂ ಹಿಡಿದೆ.

ನಮ್ಮ ಮೈಸೂರಿನ ಮಕ್ಕಳಿಗೂ ಇವರಿಗೂ ಒಂದು ವ್ಯತ್ಯಾಸವಿದೆ. ನಮ್ಮವರು ಸುಮ್ಮನಿರಿ ಎಂದರೆ ಸುಮ್ಮನಿರುತ್ತಾರೆ, ಆದರೆ ಕೇಳುತ್ತಿರುವುದಿಲ್ಲ. ಇವರಿಗೆ ಸುಮ್ಮನಿರಲು ಬರುವುದಿಲ್ಲ, ಆದರೆ ಒಂದು ಮಾತನ್ನೂ ಬಿಡದೆ ಕೇಳಿಸಿಕೊಳ್ಳುತ್ತಾರೆ. ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬುದ್ಧಿ ಹೇಳದೆ ಕೂತಿರಬೇಕು ಎಂಬುದು ನಾನು ಮಾಡಿಸುವ ಮೊದಲ ಅಭ್ಯಾಸ. ಕೇಳಲು ಸುಲಭ. ಮಾಡಿ ನೋಡಿ, ನಾಲಿಗೆ ತುರಿಸುತ್ತದೆ.

ತನ್ವಿ ಎಂಬ ಮರಾಠಿ ಹುಡುಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಬಿಟ್ಟವನು ಮತ್ತೆ ಕುಡಿದು ಬಂದರೆ ಅವನ ಅಮ್ಮನಿಗೆ ಹೇಳಬೇಕೇ ಎಂದು ಕೇಳಿದಳು. ಜೀವಕ್ಕೆ ಅಪಾಯವಿದ್ದರೆ ಡಾಕ್ಟರಿಗೂ ಹೇಳು, ಮನೆಯವರಿಗೂ ಹೇಳು, ಒಂದು ಕ್ಷಣ ತಡ ಮಾಡಬೇಡ ಎಂದೆ. ಅಪಾಯವಿಲ್ಲದಿದ್ದರೆ? ಅವನನ್ನು ಕೇಳದೆ ಯಾರಿಗೂ ಹೇಳಬೇಡ. ಅವನ ಕಥೆ ಅವನದು, ಅದನ್ನು ಎಲ್ಲಿ, ಯಾರಿಗೆ, ಯಾವಾಗ ಹೇಳಬೇಕು ಎನ್ನುವುದೂ ಅವನದೇ. ತನ್ವಿ ಅದನ್ನು ದೊಡ್ಡ ಹಾಳೆಯ ಮೇಲೆ ಮೂರು ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಕನ್ನಡದ ಸಾಲನ್ನು ನಾನೇ ಬರೆದುಕೊಟ್ಟೆ, ದುಂಡಗಿನ ಅಕ್ಷರದಲ್ಲಿ.

ಎರಡನೆಯ ದಿನ ನಿಖಿಲ್ ಮಾತಾಡಿದ. ಕೊನೆಯ ವರ್ಷದ ಹುಡುಗ, ಕರಾವಳಿಯ ಕಡೆಯವರ ಮಗ, ಹುಟ್ಟಿದ್ದು ಬೆಳೆದದ್ದು ಇಲ್ಲೇ. ಅವನು ಆ ಕೋಣೆಯಲ್ಲಿ ತನ್ನ ಬಗ್ಗೆ ಏನು ಹೇಳಿದ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವನೂ ಒಂದು ಚಟದಿಂದ ಹೊರಬರುತ್ತಿದ್ದ ಎಂದಷ್ಟೇ ತಿಳಿದರೆ ಸಾಕು. ಅವನು ಮುಗಿಸಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಪಾಪ ಎನ್ನಲಿಲ್ಲ. ತನ್ವಿ ತನ್ನ ನೀರಿನ ಬಾಟಲಿಯನ್ನು ಅವನ ಕಡೆ ಸರಿಸಿದಳು. ನನಗೆ ಹೆಮ್ಮೆಯಾಯಿತು. ಇವರಿಗೆ ನಾನು ಕಲಿಸಿದ್ದು ಎಂದುಕೊಂಡೆ.

ಲೋಕಲ್

ವಡಾಲದಿಂದ ಸಾಂತಾಕ್ರೂಜ್‌ಗೆ ಹಾರ್ಬರ್ ಲೈನಿನಲ್ಲಿ ನೇರ ರೈಲಿದೆ. ಅದೇ ಸ್ಟೇಷನ್ನಿನಿಂದ ಬೇರೆ ದಿಕ್ಕಿನ ಪನ್ವೇಲ್‌ಗೂ ರೈಲಿದೆ. ಮೊದಲ ಸಂಜೆ ನಾನು ಹತ್ತಿದ್ದು ಪನ್ವೇಲ್ ರೈಲು. ಹೆಂಗಸರ ಡಬ್ಬಿಯಲ್ಲಿ ಸೀಟು ಸಿಕ್ಕಿದ ಸಂತೋಷದಲ್ಲಿದ್ದೆ. ಎದುರಿಗೆ ನಿಂತಿದ್ದ ಹೆಂಗಸು "ಕಹಾಂ ಉತರೇಂಗೀ?" ಎಂದು ಕೇಳಿದಳು. ಅಲ್ಲಿ ಅದು ಪದ್ಧತಿ. ನೀವು ಇಳಿಯುವ ಸ್ಟೇಷನ್ ಹೇಳಿದರೆ ಆಮೇಲೆ ಆ ಸೀಟು ಅವಳದು. ನನಗೆ ಅದು ತಿಳಿಯದೆ, ನಾನು ಮೈಸೂರಿನವಳು, ಇಂಥ ಶಿಬಿರಕ್ಕೆ ಬಂದಿದ್ದೇನೆ, ಇಂಥವರ ಮನೆಯಲ್ಲಿದ್ದೇನೆ, ಸಾಂತಾಕ್ರೂಜ್‌ಗೆ ಹೋಗಬೇಕು ಎಂದು ವಂಶಾವಳಿಯನ್ನೆಲ್ಲ ಒಪ್ಪಿಸಿದೆ. ಅವಳು ಕೊನೆಯ ಮಾತನ್ನು ಮಾತ್ರ ತೆಗೆದುಕೊಂಡು ಇಡೀ ಡಬ್ಬಿಗೆ ಸಾರಿದಳು. ನಾಲ್ಕಾರು ಹೆಂಗಸರು ಸೇರಿ ನನ್ನನ್ನು ಕುರ್ಲಾದಲ್ಲಿ ಚೀಲದ ಸಮೇತ ಇಳಿಸಿದರು. ಅವಳು ಸೀಟಿನಲ್ಲಿ ಕೂತು ನನಗೆ ಟಾಟಾ ಮಾಡಿದಳು.

ಮರುದಿನ ಸರಿಯಾದ ರೈಲೇ ಹತ್ತಿದೆ. ಆ ದಿನ ಬಾಗಿಲ ಹತ್ತಿರ ಒಬ್ಬ ಹುಡುಗಿ ಅಳುತ್ತಿದ್ದಳು. ಕಾಲೇಜಿನ ವಯಸ್ಸು, ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. ಅಷ್ಟು ಜನ ಹೆಂಗಸರಲ್ಲಿ ಒಬ್ಬರೂ ಏನಾಯಿತೆಂದು ಕೇಳಲಿಲ್ಲ. ಕಿಟಕಿ ಪಕ್ಕದಲ್ಲಿದ್ದವರು ಎದ್ದು ಅವಳಿಗೆ ಜಾಗ ಬಿಟ್ಟರು, ಇನ್ನೊಬ್ಬರು ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು, ಮತ್ತೆ ತಮ್ಮ ತಮ್ಮ ಫೋನು ನೋಡಿದರು. ಎಂಥ ಕಲ್ಲುಮನಸ್ಸಿನ ಊರಪ್ಪಾ ಎನಿಸಿತು. ಮೈಸೂರಿನ ಸಿಟಿ ಬಸ್ಸಾಗಿದ್ದರೆ ಮುಂದಿನ ಸ್ಟಾಪಿನೊಳಗೆ ಅವಳ ಅಪ್ಪನ ಹೆಸರು, ಕೆಲಸ, ಮನೆ ಇರುವ ಬೀದಿ ಎಲ್ಲ ಬಸ್ಸಿಗೇ ಗೊತ್ತಾಗಿರುತ್ತಿತ್ತು. ನಾನು ಹೋಗಿ ಅವಳ ಭುಜ ಮುಟ್ಟಿ "ಕ್ಯಾ ಹುವಾ ಬೇಟಿ?" ಎಂದೆ. ಅವಳು ಎದ್ದು ಜನರ ನಡುವೆ ನುಗ್ಗಿ ಆಚೆ ತುದಿಗೆ ಹೋಗಿ ನಿಂತಳು. ಸೀಟು ಬಿಟ್ಟುಕೊಟ್ಟಿದ್ದ ಹೆಂಗಸು ನನ್ನನ್ನು ಒಮ್ಮೆ ನೋಡಿದಳು, ಅಷ್ಟೇ. ಮುಖ ಬಿಸಿಯಾಯಿತು. ಆದರೂ ತಪ್ಪು ಊರಿನದು, ನನ್ನದಲ್ಲ ಎಂದುಕೊಂಡೇ ಇಳಿದೆ.

ಆಮೇಲೆ ರೇವತಿ ನನ್ನನ್ನು ರೈಲು ಹತ್ತಿಸುವ ಕೆಲಸವನ್ನು ನಿಖಿಲ್‌ಗೆ ವಹಿಸಿದರು. ಅವನು ಅಂಧೇರಿಗೆ ಹೋಗುವವನು, ದಾರಿ ಒಂದೇ. ಹೆಂಗಸರ ಡಬ್ಬಿಗೆ ಅವನು ಬರುವಂತಿಲ್ಲ, ಆದ್ದರಿಂದ ನಮ್ಮ ಮಾತೆಲ್ಲ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ. "ನಂಗೆ ಕನ್ನಡ ಸಮಜ್ತಾ ಹೈ ಮ್ಯಾಮ್, ಮಾತಾಡ್ಲಿಕ್ಕೆ ಥೋಡಾ ಕಷ್ಟ" ಎನ್ನುತ್ತಿದ್ದ. ಆದರೂ ಮಾತಾಡಿದ.

ಅವನಿಗೆ ಅಪ್ಪನಿಲ್ಲ, ಅಮ್ಮ ಊರಿನಲ್ಲಿದ್ದಾರೆ. ಅಂಧೇರಿಯಲ್ಲಿ ಹೋಟೆಲ್ ಇಟ್ಟಿರುವ ಸೋದರಮಾವ ಕೃಷ್ಣಣ್ಣನ ಮನೆಯಲ್ಲಿ ಅವನ ವಾಸ. ಆ ಮಾವನ ತಮ್ಮ ಕುಡಿದೇ ಸತ್ತಿದ್ದ. ಅಂದಿನಿಂದ ಮಾವನದು ಒಂದೇ ನಿಯಮ, ಚಟ ಇರುವವನಿಗೆ ತನ್ನ ಮನೆಯಲ್ಲಿ ಜಾಗವಿಲ್ಲ. ಬಹಳ ವರ್ಷ ಜೊತೆಗಿದ್ದ ಅಡುಗೆಯವನನ್ನೂ ಬಿಡಿಸಿದ್ದರಂತೆ. ಹೋದ ಮಳೆಗಾಲದಲ್ಲಿ ನಿಖಿಲ್ ಚಿಕಿತ್ಸೆಗೆ ಹೋದಾಗ ಅಮ್ಮ ಮಾವನಿಗೆ ಹೇಳಿದ್ದು, ಹುಡುಗನಿಗೆ ಜಾಂಡಿಸ್, ಊರಿನಲ್ಲಿ ಹಳ್ಳಿಮದ್ದು ಮಾಡಿಸುತ್ತಿದ್ದೇನೆ ಎಂದು. ಮಾವ ನಂಬಿ ದಿನವೂ ಫೋನು ಮಾಡಿ ಪಥ್ಯದ ಬಗ್ಗೆ ವಿಚಾರಿಸುತ್ತಿದ್ದರಂತೆ.

"ಮಾವಂಗೆ ನಾನೇ ಹೇಳ್ತೇನೆ ಮ್ಯಾಮ್. ಪರೀಕ್ಷೆ ಆಗ್ಲಿ. ಆಗ ಒಂದು ವರ್ಷ ಪೂರಾ ಆಗ್ತದೆ. ಸಾಲ್ ಭರ್ ಕ್ಲೀನ್ ಹೂಂ ಅಂತ ಹೇಳಿದ್ರೆ ಕೇಳ್ತಾರೆ. ಈಗ ಹೇಳಿದ್ರೆ ಹೊರಗೆ ಹಾಕ್ತಾರೆ."

"ಹಾಕಿದ್ರೆ ಎಲ್ಲಿಗೆ ಹೋಗ್ತೀಯಪ್ಪಾ?" ಎಂದೆ.

"ಗೋರೆಗಾಂವ್‌ನಲ್ಲಿ ಹಳೇ ದೋಸ್ತ್‌ಗಳ ರೂಮ್ ಉಂಟು. ಅಲ್ಲಿ ಹೋದ್ರೆ ಮುಗೀತು ಮ್ಯಾಮ್. ಮತ್ತೆ ಅದೇ."

ಇದೆಲ್ಲ ನನಗೆ ಗೊತ್ತಿತ್ತು. ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎನ್ನುವುದಕ್ಕೇ ಈ ಬರಹ.

ಮತ್ತೆ ವಡಾಲ: ಸಮಾರೋಪ

ನಮ್ಮಲ್ಲಿ ಸನ್ಮಾನವಿಲ್ಲದೆ ಸಭೆ ಮುಗಿಯುವುದಿಲ್ಲ. ಮೈಸೂರಿನಲ್ಲಿ ಓಣಿಯ ಗಣಪತಿ ವಿಸರ್ಜನೆಗೂ ಇಬ್ಬರಿಗಾದರೂ ಶಾಲು ಹೊದಿಸಿಯೇ ಹೊದಿಸುತ್ತೇವೆ. ಮುಂಬಯಿಯ ಕನ್ನಡಿಗರು ಈ ವಿಷಯದಲ್ಲಿ ನಮ್ಮನ್ನೂ ಮೀರಿಸಿದವರು. ಸಮಾರೋಪಕ್ಕೆ ಅಲ್ಲಿಯ ಕನ್ನಡ ಸಂಘದವರನ್ನು ಕರೆದಿದ್ದರು. ಹೋಟೆಲಿನವರು, ಬ್ಯಾಂಕಿನವರು, ರೇಷ್ಮೆ ಸೀರೆಯ ಹೆಂಗಸರು, ಸಭಾಂಗಣ ತುಂಬಿತು. ನನಗೆ ಹಾರ, ಹಣ್ಣಿನ ಬುಟ್ಟಿ, ಜರಿಯಂಚಿನ ಶಾಲು. ಆ ಸೆಕೆಯಲ್ಲಿ ಶಾಲು ಹೊದ್ದು, ಬೆವರುತ್ತಾ, ಹೊಗಳಿಕೆ ಕೇಳುತ್ತಾ ಕೂತೆ. ಸುಳ್ಳು ಹೇಳುವುದಿಲ್ಲ, ತುಂಬಾ ಸುಖವಾಗಿತ್ತು.

ನಮ್ಮ ವೇದಿಕೆಗಳಲ್ಲಿ ಇನ್ನೊಂದು ಮೇಲ್ಮಟ್ಟದ ಪದ್ಧತಿ ಉಂಟು. ತನಗೆ ಹೊದಿಸಿದ ಶಾಲನ್ನು ತೆಗೆದು ಇನ್ನೊಬ್ಬರಿಗೆ ಹೊದಿಸುವುದು. ಹಾಗೆ ಮಾಡಿದವರಿಗೆ ಶಾಲು ಹೋದರೂ ಎರಡರಷ್ಟು ಚಪ್ಪಾಳೆ ಬರುತ್ತದೆ. ಹಿರಿಯ ವಿದ್ವಾಂಸರು ಮಾಡುವುದನ್ನು ನೋಡಿದ್ದೆ. ನನ್ನ ಸರದಿಗಾಗಿ ಒಳಗೊಳಗೇ ಕಾಯುತ್ತಿದ್ದೆನೋ ಏನೋ. ಮೈಕು ಕೈಗೆ ಬಂದಾಗ ನಾನು ಹೇಳಿದ್ದು ಇದು:

"ಸಭೆಯಲ್ಲಿರುವ ಹಿರಿಯರೇ, ಈ ಶಾಲು ನನಗೆ ಸಲ್ಲುವುದಲ್ಲ. ನಾನು ಪುಸ್ತಕ ಓದಿ ಪಾಠ ಮಾಡಿದವಳು. ಬೆಂಕಿಯೊಳಗೆ ನಡೆದು ಈಚೆ ಬಂದವನೊಬ್ಬ ಇಲ್ಲೇ ನಿಮ್ಮ ನಡುವೆ ಕೂತಿದ್ದಾನೆ. ಹೋದ ಮಳೆಗಾಲದಲ್ಲಿ ಅವನು ಎಲ್ಲಿದ್ದ, ಹೇಗಿದ್ದ ಎಂದು ನಾನು ಹೇಳುವುದಿಲ್ಲ. ಹೇಳಬಾರದು, ಅದು ನಮ್ಮ ನಿಯಮ. ಆದರೆ ಇವತ್ತು ಹೇಗಿದ್ದಾನೆ, ನೀವೇ ನೋಡಿ. ಇಂಥ ಒಬ್ಬ ಮಗ ನಮ್ಮ ಪ್ರತಿಯೊಂದು ಮನೆಯಲ್ಲೂ ಎದ್ದು ನಿಲ್ಲಲಿ. ಈ ಶಿಬಿರದ ನಿಜವಾದ ಗುರು ಅವನೇ. ನಿಖಿಲ್, ಬಾ ಮಗನೇ, ಮೇಲೆ ಬಾ."

ಇಡೀ ಸಭೆ ಹಿಂದಿರುಗಿ ನೋಡಿತು. ಅವನು ಕೂತೇ ಇದ್ದ. ಜನ ಚಪ್ಪಾಳೆ ತಟ್ಟತೊಡಗಿದರು, ನಿಲ್ಲಿಸಲಿಲ್ಲ. ಎದ್ದು ಬರದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಅವನ ಕಿವಿ ಕೆಂಪಾಗಿತ್ತು. ಸಂಕೋಚವೆಂದುಕೊಂಡೆ. ಶಾಲು ಹೊದಿಸಿದೆ, ಫೋಟೊದವನು ಇನ್ನೊಮ್ಮೆ ಎಂದ, ಇನ್ನೊಮ್ಮೆ ಹೊದಿಸಿದೆ.

ಸಭಾಂಗಣದ ಹಿಂದೆ ಮೇಜಿನ ಮೇಲೆ ಕಾಫಿಯ ದೊಡ್ಡ ಪಾತ್ರೆ ಇತ್ತು. ತಿಂಡಿ ಕಾಫಿ ಕೃಷ್ಣಣ್ಣನ ಹೋಟೆಲಿನಿಂದ ಬರುತ್ತದೆಂದು ರೇವತಿ ಬೆಳಿಗ್ಗೆಯೇ ಹೇಳಿದ್ದರು. ಯಾರೋ ಕೆಲಸದವರು ತರುತ್ತಾರೆ ಎಂದುಕೊಂಡಿದ್ದೆ. ಕನ್ನಡದ ಕಾರ್ಯಕ್ರಮಕ್ಕೆ ಅವರು ಕೆಲಸದವರನ್ನು ಕಳಿಸುವವರಲ್ಲ, ತಾವೇ ಬಂದು ಬಡಿಸುವವರು ಎಂದು ನನಗೇನು ಗೊತ್ತು? ಬಿಳಿ ಅಂಗಿಯ ಹಿರಿಯರೊಬ್ಬರು ಪಾತ್ರೆಯ ನಲ್ಲಿ ಮುಚ್ಚಿ, ಕೈ ಒರೆಸಿಕೊಂಡು ಹೊರಗೆ ಹೋದದ್ದನ್ನು ವೇದಿಕೆಯಿಂದ ನೋಡಿದೆ. ಅವರು ಯಾರೆಂದು ಆಗ ತಿಳಿಯಲಿಲ್ಲ. ನಿಖಿಲ್ ಕೆಳಗಿಳಿದು ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟ. ಆಮೇಲೆ ಅವನೂ ಕಾಣಲಿಲ್ಲ.

ನಾನು ಮಾತ್ರ ಇನ್ನೂ ಅಭಿನಂದನೆ ಸ್ವೀಕರಿಸುತ್ತಿದ್ದೆ. ಸಂಘದ ಒಬ್ಬರು ನನ್ನ ಮಾತು ಕೇಳಿ ಕಣ್ಣು ಒದ್ದೆಯಾಯಿತು ಎಂದರು. ರೇವತಿ ಜನರನ್ನು ಸರಿಸಿಕೊಂಡು ಬಂದು ನನ್ನ ಮೊಣಕೈ ಹಿಡಿದರು.

"ಎಂತ ಮಾಡಿಬಿಟ್ರಿ ಮೇಡಂ ನೀವು? ಕೃಷ್ಣಣ್ಣ ಅಲ್ಲೇ ನಿಂತಿದ್ರು."

ಸಾಂತಾಕ್ರೂಜ್

ರೇವತಿ ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಮನೆಗೆ ಬಂದು ಚಹಾ ಮಾಡಿಕೊಟ್ಟು ಫೋನು ಹಿಡಿದು ಬಾಲ್ಕನಿಗೆ ಹೋದರು. ನಿಖಿಲ್‌ನ ಫೋನು ಸ್ವಿಚ್ ಆಫ್. ಮಾವನ ಮನೆಗೂ ಅವನು ಹೋಗಿರಲಿಲ್ಲ. ನಾನು ಸೋಫಾದ ಅಂಚಿನಲ್ಲಿ ಕೂತು ಗೋರೆಗಾಂವ್ ಎಷ್ಟು ದೂರ ಎಂದು ಯೋಚಿಸುತ್ತಿದ್ದೆ.

ಮನುಷ್ಯನ ನಾಲಿಗೆ ಎಷ್ಟು ನಾಚಿಕೆಗೆಟ್ಟದ್ದು ನೋಡಿ. ರೇವತಿ ಒಳಗೆ ಬಂದಾಗ ನಾನು ಆಡಿದ ಮೊದಲ ಮಾತು, "ನಾನು ಅವನ ವಿಷಯ ಏನೂ ಹೇಳ್ಲಿಲ್ಲವಲ್ಲ ರೇವತಿ? ಹೇಳಬಾರದು ಅಂತಲೇ ಹೇಳಿದೆನಲ್ಲ?"

"ಮೈಕಲ್ಲಿ ನಿಂತು ಹೇಳಬಾರದು ಅಂದ್ರೆ ಹೇಳಿದ ಹಾಗೇ ಅಲ್ವಾ ಮೇಡಂ? ಅದೂ ಮಳೆಗಾಲ ಅಂದ್ರಿ. ಕೃಷ್ಣಣ್ಣ ಮಳೆಗಾಲ ಇಡೀ ಜಾಂಡಿಸ್ ಜಾಂಡಿಸ್ ಅಂತ ಕೇಳ್ತಾ ಇದ್ದವರು. ಅವರಿಗೆ ಮತ್ತೆ ಎಂತ ಬಿಡಿಸಿ ಹೇಳ್ಬೇಕು?"

ಗೋಡೆಗೆ ಅಂಟಿಸಲು ಕನ್ನಡದ ಸಾಲು ಬರೆದುಕೊಟ್ಟ ಕೈ ಅದೇ, ಶಾಲು ಹೊದಿಸಿದ ಕೈಯೂ ಅದೇ. ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು ಕೂತೆ. ಅವನಿಗೇನಾದರೂ ಆದರೆ ಎಂಬ ಯೋಚನೆ ಬಿಡಲಿಲ್ಲ. ಅಷ್ಟರ ನಡುವೆಯೂ ಮೈಸೂರಿನಲ್ಲಿ ಇದು ಗೊತ್ತಾದರೆ ಎಂಬ ಇನ್ನೊಂದು ಯೋಚನೆ ಬಂತು. ಎರಡನೆಯದು ಬಂದದ್ದಕ್ಕೆ ಮೊದಲನೆಯದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ದೀಪ ಹಚ್ಚುವ ಹೊತ್ತಿಗೆ ತನ್ವಿಯ ಫೋನು ಬಂತು. ನಿಖಿಲ್ ತನ್ವಿ ಮತ್ತು ಅವಳ ಗೆಳೆಯರ ಜೊತೆಗಿದ್ದ, ವಡಾಲದ ಕಾಲನಿಯಲ್ಲಿ ಒಬ್ಬ ಸಹಪಾಠಿಯ ಮನೆಯಲ್ಲಿ. ನಡೆದದ್ದನ್ನು ಅವಳು ರೇವತಿಗೆ ಹೇಳಿದಳು. ಅವನು ಸಭಾಂಗಣದಿಂದ ಹೊರಟದ್ದನ್ನು ನೋಡಿ ತನ್ವಿ, ಇನ್ನೊಬ್ಬ ಹುಡುಗ ಹಿಂದೆಯೇ ಓಡಿದ್ದರು. ಅವನು ಹತ್ತಿದ ಡಬ್ಬಿಯನ್ನೇ ಹತ್ತಿ ಅವನ ಎರಡೂ ಪಕ್ಕದಲ್ಲಿ ಕೂತಿದ್ದರು. ಅಂಧೇರಿ ಬಂತು, ಅವನು ಇಳಿಯಲಿಲ್ಲ. ಇವರು ಏನೂ ಕೇಳಲಿಲ್ಲ. ಗೋರೆಗಾಂವ್ ಬಂತು, ಅದು ಕೊನೆಯ ಸ್ಟೇಷನ್. ಡಬ್ಬಿ ಖಾಲಿಯಾಯಿತು. ಅವನು ಎದ್ದು ಬಾಗಿಲ ತನಕ ಹೋಗಿ ನಿಂತ, ಇವರೂ ಎದ್ದು ನಿಂತರು. ಅದೇ ರೈಲು ವಾಪಸು ಹೊರಡುವ ಹೊತ್ತಿಗೆ ಅವನು ಬಂದು ಮತ್ತೆ ತನ್ನ ಸೀಟಿನಲ್ಲಿ ಕೂತನಂತೆ. ವಡಾಲದವರೆಗೂ ಯಾರೂ ಮಾತಾಡಿರಲಿಲ್ಲ.

ಅವನು ಎಲ್ಲಿದ್ದಾನೆಂದು ಯಾರಿಗೂ ಹೇಳಬಾರದು ಎಂದು ತನ್ವಿ ಫೋನಿನಲ್ಲಿ ಎರಡು ಸಲ ಹೇಳಿದಳಂತೆ. ಯಾರಿಗೂ ಎಂದರೆ ಯಾರಿಗೆ ಎಂದು ರೇವತಿ ನನಗೆ ಬಿಡಿಸಿ ಹೇಳಲಿಲ್ಲ.

ಅಂಧೇರಿ

ಮರುದಿನ ಬೆಳಿಗ್ಗೆ ಕೃಷ್ಣಣ್ಣನ ಹೋಟೆಲಿಗೆ ಹೋದೆ. ರೇವತಿ ಜೊತೆಗೆ ಬರುತ್ತೇನೆಂದರೂ ಬೇಡವೆಂದೆ. ಸ್ಟೇಷನ್ನಿನಿಂದ ಸ್ವಲ್ಪ ಒಳಗೆ, ಆಟೋಗಳು ಸಾಲುಗಟ್ಟಿದ ಬೀದಿಯಲ್ಲಿ ಸಣ್ಣ ಹೋಟೆಲ್. ಆಫೀಸಿಗೆ ಹೋಗುವವರು ನಿಂತೇ ಇಡ್ಲಿ ತಿನ್ನುತ್ತಿದ್ದರು. ಕೃಷ್ಣಣ್ಣ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, ಎದ್ದು, ಮೂಲೆಯ ಟೇಬಲ್ ತೋರಿಸಿದರು.

"ನಮಸ್ಕಾರ ಮೇಡಂ. ಕೂತ್ಕೊಳ್ಳಿ. ಎಂತ ತಗೊಳ್ತೀರಿ? ದೋಸೆ ಹಾಕಿಸ್ಲಾ?"

ಏನೂ ಬೇಡ ಎಂದೆ. ಆದರೂ ಕಾಫಿ ತಂದು ತಾವೇ ಎದುರಿಗಿಟ್ಟರು. "ಭಾಷಣ ಚಂದ ಮಾಡಿದ್ರಿ ನಿನ್ನೆ. ಅಂಥ ಕನ್ನಡ ಇಲ್ಲಿ ಕೇಳ್ಲಿಕ್ಕೆ ಸಿಗುದಿಲ್ಲ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವರು ಚುಚ್ಚಿ ಹೇಳಿದ್ದಲ್ಲ, ನಿಜವಾಗಿಯೇ ಹೇಳಿದ್ದು.

"ತಪ್ಪಾಯ್ತು" ಎಂದೆ. "ಅವನು ನಿಮಗೆ ತಾನೇ ಹೇಳಬೇಕು ಅಂತಿದ್ದ. ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ."

ಅವರು ಹೆಗಲ ಮೇಲಿನ ಬಟ್ಟೆಯಿಂದ ಮೇಜು ಒರೆಸಿದರು. "ನಿನ್ನೆಯಿಂದ ಫೋನು ಮೇಡಂ. ಎಲ್ರೂ ಅಭಿನಂದನೆ ಹೇಳುವವರೇ. ನಿಮ್ಮ ಅಳಿಯ ಗ್ರೇಟ್ ಅಂತ. ಯಾವುದಕ್ಕೆ ಗ್ರೇಟ್ ಅಂತ ಯಾರೂ ಹೇಳುದಿಲ್ಲ. ನಾನು ಥ್ಯಾಂಕ್ಯೂ ಥ್ಯಾಂಕ್ಯೂ ಅಂತ ಇಟ್ಟೆ."

ಆಮೇಲೆ ದನಿ ತಗ್ಗಿಸಿದರು. "ನನ್ನ ತಮ್ಮನ ವಿಷಯ ಅವ ಹೇಳಿರ್ಬಹುದು ನಿಮಗೆ. ಅವನನ್ನು ಮನೆಯಿಂದ ಹೊರಗೆ ಹಾಕಿದ್ದು ನಾನೇ. ಹಾಕಿದ ಮೇಲೆ ಅವ ಉಳೀಲಿಲ್ಲ. ಜನ ತಿಳ್ಕೊಂಡಿದ್ದಾರೆ ನಾನು ಸ್ಟ್ರಿಕ್ಟ್ ಅಂತ. ಸ್ಟ್ರಿಕ್ಟ್ ಅಲ್ಲ, ಹೆದರಿಕೆ. ಈ ಹುಡುಗ ಬಂದು ಹೇಳಿದ್ರೆ ಎಂತ ಮಾಡ್ತಿದ್ನೋ ಗೊತ್ತಿಲ್ಲ. ಬೈತಿದ್ದೆ. ಒಂದು ಪೆಟ್ಟು ಕೊಡ್ತಿದ್ನೋ ಏನೋ. ಆದ್ರೆ ಅದು ನಮ್ಮ ಮನೆ ಒಳಗೆ ಆಗ್ತಿತ್ತಲ್ಲ ಮೇಡಂ?"

ನಾನು ತಲೆ ತಗ್ಗಿಸಿ ಸುಮ್ಮನಿರಬೇಕಿತ್ತು. ಬದಲಿಗೆ ಏನು ಮಾಡಿದೆ ಗೊತ್ತೇ? ಪಾಠ ಶುರು ಮಾಡಿದೆ. ಅವನ ಹತ್ತಿರ ಮಾತಾಡುವಾಗ ಯಾಕೆ ಎಂದು ಕೇಳಬೇಡಿ, ಹಳೆಯದನ್ನು ಕೆದಕಬೇಡಿ, ಮೊದಲು ಊಟ ಆಯಿತಾ ಎಂದು ಕೇಳಿ ಎಂದೆಲ್ಲ. ಅವರು ಕೈಯೆತ್ತಿ ತಡೆದರು.

"ಕ್ಲಾಸು ಬೇಡ ಮೇಡಂ. ಅವ ಎಲ್ಲಿದ್ದಾನೆ ಅಷ್ಟು ಹೇಳಿ. ಅಂಗಡಿ ಬಿಟ್ಟು ಈಗಲೇ ಹೋಗ್ತೇನೆ."

ವಿಳಾಸ ನನಗೆ ಗೊತ್ತಿತ್ತು, ರೇವತಿ ಫೋನಿನಲ್ಲಿ ಕೇಳಿ ಬರೆದಿಟ್ಟದ್ದನ್ನು ನೋಡಿದ್ದೆ. ಎದುರಿಗೆ ನಿದ್ದೆಯಿಲ್ಲದ ಕಣ್ಣಿನ ಮನುಷ್ಯ ಕೂತಿದ್ದರು. ಹೇಳಿಬಿಟ್ಟರೆ ಇವರು ಓಡುತ್ತಾರೆ, ಇಬ್ಬರೂ ಸೇರುತ್ತಾರೆ, ನನ್ನ ತಪ್ಪು ಅರ್ಧ ಇಳಿಯುತ್ತದೆ. ಬಾಯಿ ತೆರೆದೂ ಬಿಟ್ಟಿದ್ದೆ. ನನ್ನ ತಪ್ಪು ಇಳಿಯಲಿ ಎಂಬ ಆತುರದಲ್ಲಿದ್ದೇನೆಂದು ಆಗ ಹೊಳೆಯಿತು.

"ಗೊತ್ತು. ಆದ್ರೆ ಅವನನ್ನ ಕೇಳದೆ ಹೇಳೋ ಹಾಗಿಲ್ಲ" ಎಂದೆ. ಹೇಳುವಾಗ ಮಾತು ತೊದಲಿತು. ಆ ಮಾತಾಡಲು ನನಗೆ ಯಾವ ಮುಖವಿತ್ತು? ಅವರಿಗೂ ಹಾಗೇ ಅನಿಸಿತೇನೋ, ನನ್ನನ್ನೇ ನೋಡಿದರು.

ತನ್ವಿಗೆ ಫೋನು ಮಾಡಿದೆ. ಮಾವ ಬರುತ್ತೇನೆಂದು ಕೂತಿದ್ದಾರೆ, ಕೇಳಿ ಹೇಳು ಎಂದೆ. ಕೇಳುತ್ತೇನೆ ಎಂದು ಇಟ್ಟಳು. ನಾವಿಬ್ಬರೂ ಕಾದೆವು. ಅವರು ಎದ್ದು ಹೋಗಿ ಗಿರಾಕಿಯೊಬ್ಬರಿಗೆ ಚಟ್ನಿ ಹಾಕಿಸಿ ಬಂದರು, ಮತ್ತೆ ಕೂತರು. ನಮ್ಮೂರಿನವರು ಹೀಗೆ ಕಾಯುವಾಗ ಏನಾದರೂ ಮಾತಾಡುತ್ತಾರೆ. ಅವತ್ತು ನಾನು ಬಾಯಿ ತೆರೆಯಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತು.

ಫೋನು ಬಂತು. ತನ್ವಿ ಹಿಂದಿಯಲ್ಲಿ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಹೇಳಿದಳು. "ಮಾಮಾ ಬರ್ಬಹುದಂತೆ ಮ್ಯಾಮ್. ವಿಳಾಸ ಕೊಡಿ." ಸ್ವಲ್ಪ ತಡೆದು, "ನೀವು ಬೇಡವಂತೆ. ಸಾರಿ ಮ್ಯಾಮ್. ನಾವು ಕೇಳಿದ್ವಿ" ಎಂದಳು.

ಅವಳ ದನಿಯಲ್ಲಿ ಕೋಪವಿರಲಿಲ್ಲ. ನಾನು ಶಿಬಿರದಲ್ಲಿ ಕಲಿಸಿದ ದನಿಯೇ ಅದು.

ವಿಳಾಸ ಹೇಳಿದೆ. ಕೃಷ್ಣಣ್ಣ ಅಂಗಡಿಯನ್ನು ಒಬ್ಬರಿಗೆ ಒಪ್ಪಿಸಿ ಚಪ್ಪಲಿ ಮೆಟ್ಟಿಕೊಂಡರು. ಬಾಗಿಲಲ್ಲಿ ತಿರುಗಿ, "ನೀವು ಬರುದಿಲ್ವಾ ಮೇಡಂ?" ಎಂದು ಕೇಳಿದರು.

"ನಾನು ಬೇಡವಂತೆ."

ಅವರು ಸಮಾಧಾನ ಹೇಳುವವರಂತೆ ಕೈ ಎತ್ತಿ, ಹೇಳದೆ ಕೆಳಗಿಳಿಸಿದರು. ಆಟೋ ಹತ್ತಿ ಹೋದರು. ನಾನು ತಣ್ಣಗಾದ ಕಾಫಿಯನ್ನು ಪೂರ್ತಿ ಕುಡಿದು ಹೊರಟೆ.

ಮೈಸೂರು

ಅಂದು ಸಂಜೆ ಮಾವ ಅಳಿಯ ಇಬ್ಬರೂ ಅಂಧೇರಿಯ ಮನೆಗೆ ಹೋದರೆಂದು ರೇವತಿ ತಿಳಿಸಿದರು. ದೊಡ್ಡ ಜಗಳವಾಯಿತಂತೆ, ಎರಡು ದಿನ ಮಾತಿಲ್ಲವಂತೆ, ಆದರೆ ಇಬ್ಬರೂ ಅದೇ ಮನೆಯಲ್ಲಿದ್ದಾರೆ. ನಿಖಿಲ್ ಪರೀಕ್ಷೆಗೆ ಕೂತ. ಅಲ್ಲಿಯವರೆಗೂ ಮತ್ತೆ ಚಟಕ್ಕೆ ಬೀಳಲಿಲ್ಲ. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ನಾನು ವಾಪಸು ಬಂದಾಗ ತಂಗಿಯ ಮನೆಯವರು ಮುಂಬಯಿ ಹೇಗಿತ್ತು ಎಂದು ಕೇಳಿದರು. ಸೆಕೆ ಎಂದೆ. ಶಿಬಿರ ನಡೆಸಲು ಬೇರೆ ಕಾಲೇಜುಗಳಿಂದ ಕರೆ ಬಂತು, ಸದ್ಯಕ್ಕೆ ಒಪ್ಪಿಕೊಂಡಿಲ್ಲ. ಬರೆಯಬೇಕೆನ್ನಿಸಿತು, ಬರೆದೆ. ಆದರೆ ಬರೆದದ್ದರಲ್ಲಿ ಅರ್ಧ ಅವನದಾಗಿತ್ತು. ಹೆಸರು, ನಂಟು, ಊರು ಎಲ್ಲ ಬದಲಿಸಿ, ರೇವತಿಯ ಮೂಲಕ ಅವನಿಗೆ ಕಳಿಸಿದೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ರೇವತಿಯೇ ಓದಿ ಹೇಳಲಿ, ಅವನು ಬೇಡವೆಂದರೆ ಹರಿದು ಹಾಕುತ್ತೇನೆ ಎಂದು ತಿಳಿಸಿದೆ.

ಬಹಳ ದಿನ ಏನೂ ಬರಲಿಲ್ಲ. ಬಂದಾಗ ನೇರವಾಗಿ ನನ್ನ ಫೋನಿಗೇ ಬಂತು. ಬೆಂಚಿನ ಮೇಲೆ ಅವನು ಹೇಳಿದ್ದರಲ್ಲಿ ಕೆಲವನ್ನು ತೆಗೆಯಲು ಹೇಳಿದ್ದ, ತೆಗೆದಿದ್ದೇನೆ. ಉಳಿದದ್ದು ಇರಲಿ ಎಂದಿದ್ದ. ನನ್ನ ಭಾಷಣವನ್ನು ನಾನು ನಾಚಿಕೆಯಿಂದ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಅದರ ಬಗ್ಗೆ ಬರೆದಿದ್ದ: "ಸ್ಪೀಚ್ ಪೂರಾ ಹಾಕಿ ಮ್ಯಾಮ್. ವಿಡಿಯೋ ಉಂಟು." ಕೆಳಗೆ ವಿಡಿಯೊ.

ನೋಡಿದೆ. ನಿಲ್ಲಿಸಿ ನಿಲ್ಲಿಸಿ ಒಂದೊಂದು ಮಾತನ್ನೂ ಬರೆದುಕೊಂಡೆ. ಮೇಲೆ ಕೊಟ್ಟಿರುವುದು ಅದೇ, ಅವನ ಹೆಸರೊಂದನ್ನು ಬಿಟ್ಟು ಒಂದು ಅಕ್ಷರವನ್ನೂ ತಿದ್ದಿಲ್ಲ. ಆಮೇಲೆ ವಿಡಿಯೊ ಇನ್ನೂ ಸ್ವಲ್ಪ ಇತ್ತು. ಅವನು ಮೆಟ್ಟಿಲು ಹತ್ತಿ ಬರುತ್ತಾನೆ. ನಾನು ಮೈಕು ಕೈಯಲ್ಲಿ ಹಿಡಿದುಕೊಂಡೇ ಶಾಲು ಬಿಡಿಸುತ್ತೇನೆ. ಅವನು ನನ್ನ ಕಡೆ ಬಗ್ಗಿ ಮಾತಾಡುತ್ತಾನೆ. ಮೈಕು ಹತ್ತಿರವೇ ಇರುವುದರಿಂದ ಚಪ್ಪಾಳೆಯ ನಡುವೆಯೂ ಸ್ಪಷ್ಟವಾಗಿ ಕೇಳುತ್ತದೆ, ಕನ್ನಡದಲ್ಲಿ, ಒಂದೂ ಹಿಂದಿ ಮಾತಿಲ್ಲದೆ: "ಮ್ಯಾಮ್, ಬೇಡ. ಮಾವ ಅಲ್ಲಿ ನಿಂತಿದ್ದಾರೆ."

ನಾನು ನಗುತ್ತಾ ತಲೆಯಾಡಿಸಿ, ಅವನ ಎರಡೂ ಭುಜ ಹಿಡಿದು ಸಭೆಯ ಕಡೆಗೆ ತಿರುಗಿಸಿ ನಿಲ್ಲಿಸುತ್ತೇನೆ.